ತ್ರಿವೇಣಿ ಅಕ್ಕಾರ ಕೂಲರ್

ಪುಣೆಯ ಸದಾಶಿವ ಪೇಠದಲ್ಲಿ ಕಂಪ್ಯೂಟರ್ ಸಾಮಾನು ಮಾರುವ ಬಸವಪ್ರಭುವಿಗೆ ಗಿರಾಕಿಗಳಲ್ಲಿ ಎರಡೇ ಬಗೆ ಗೊತ್ತಿತ್ತು: ದೀಪ ಮಿನುಗುವ ಮಾಲನ್ನು ಕೊಳ್ಳುವವರು, ದೀಪ ನೋಡಿ ಖುಷಿಪಟ್ಟು ಪಕ್ಕದ ಅಂಗಡಿಯಲ್ಲಿ ಕೊಳ್ಳುವವರು. ತ್ರಿವೇಣಿ ಎರಡಕ್ಕೂ ಸೇರಲಿಲ್ಲ. ಅವನು ಅಂಗಡಿಯ ಹೆಮ್ಮೆಯಾದ, ಕಂಪ್ಯೂಟರಿನೊಳಗಿನ ಕಾವು ಇಳಿಸುವ ನೀರಿನ ಕೂಲರನ್ನು ಹೊತ್ತಿಸಿ, ಏಳು ಬಣ್ಣ ಕುಣಿಸಿ ತೋರಿಸುತ್ತಿದ್ದರೆ ಆಕೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ನೋಡಿದಳು.

"ಅಣ್ಣಾರ, ಒಂದೀಟು ದೀಪ ಆರಸ್ರಿ. ದೀಪದ ಹಿಂದ ಏನದ ನೋಡೂಣು."

ಆರಿಸಿದ. ದೀಪದ ಹಿಂದೆ ಒಂದು ಸಣ್ಣ ಪಂಪು, ಎರಡು ರಬ್ಬರ್ ಕೊಳವೆ.

"ಪಂಪ್ ನಿಂತ್ರ?"

"ನಿಲ್ಲೂದಿಲ್ರಿ ಅಕ್ಕಾರ. ಗ್ಯಾರಂಟಿ ಅದ."

"ಗ್ಯಾರಂಟಿ ತಗೊಂಡು ನನಗ ಕೆಲಸ ಕೊಟ್ಟ ಬಾರಾಮತಿ ಬಿಲ್ಡರ್‌ಗೆ ತೋರಸ್ಲ್ಯಾ?"

ವ್ಯಾಪಾರದಲ್ಲಿ ಕೂದಲು ಬೆಳ್ಳಗಾಗಿದ್ದ ಬಸವಪ್ರಭು ನೀರಿನ ಕೂಲರನ್ನು ವಾಪಸು ಡಬ್ಬಿಗೆ ಹಾಕಿದ. ಅಲ್ಲಿಂದಲೇ ಅವನಿಗೆ ಆಕೆಯ ಮೇಲೆ ಒಂದು ಬಗೆಯ ಗೌರವ ಹುಟ್ಟಿತು.

ಧಾರವಾಡದಿಂದ ಮದುವೆಯಾಗಿ ಪುಣೆಗೆ ಬಂದ ತ್ರಿವೇಣಿ ಒಬ್ಬ ಆರ್ಕಿಟೆಕ್ಟನ ಕಚೇರಿಯಲ್ಲಿ ವರ್ಷಗಟ್ಟಲೆ ರಟ್ಟು ಕತ್ತರಿಸಿ ಮನೆಗಳ ಮಾದರಿ ಮಾಡಿದವಳು. ರಟ್ಟಿನ ಕಾಲ ಮುಗಿದಾಗ ಕಂಪ್ಯೂಟರ್ ಕಲಿತಳು. ಇನ್ನೂ ಪಾಯ ತೋಡದ ಕಟ್ಟಡದ ಅಡುಗೆಮನೆಗೆ ಬೆಳಗಿನ ಬಿಸಿಲು ಬೀಳಿಸಿ, ಕೊಳ್ಳುವವರನ್ನು ಕೋಣೆ ಕೋಣೆ ಅಡ್ಡಾಡಿಸಿ ತರುವ ವಿಡಿಯೊ ಮಾಡುವುದು ಆಕೆಯ ವಿದ್ಯೆ. ಇಲ್ಲದ ಮಾಲನ್ನು ಇಷ್ಟು ಚಂದ ತೋರಿಸುವವರನ್ನು ಬಸವಪ್ರಭು ವ್ಯಾಪಾರಿಗಳಲ್ಲೂ ಕಂಡಿರಲಿಲ್ಲ.

ಈಚೆಗೆ ಆಕೆ ನೌಕರಿ ಬಿಟ್ಟು ಸ್ವಂತ ಕೆಲಸ ಹಿಡಿದಿದ್ದಳು. "ಮನ್ಯಾಗ ಕೂತು ಇದೆಲ್ಲ ಆಗೂ ಮಾತಲ್ಲ" ಎಂದು ಹಳೆಯ ಸಾಹೇಬರು ನಕ್ಕು ಕಳಿಸಿದ್ದರು. ಮೊದಲ ಆರ್ಡರು ಬಾರಾಮತಿಯ ಬಿಲ್ಡರನದು. ಭಾನುವಾರ ಬೆಳಿಗ್ಗೆ ಅವನ ಸಮಾರಂಭದಲ್ಲಿ ವಿಡಿಯೊ ಓಡಬೇಕು. ತಪ್ಪಿದರೆ ಕೆಲಸ ಹಳೆಯ ಸಾಹೇಬರ ಕಚೇರಿಗೇ ವಾಪಸು. ಮನೆಯ ಕಂಪ್ಯೂಟರು ತನ್ನ ನಡಿಗೆಯಲ್ಲೇ ನಡೆದರೆ ಮುಗಿಯುವುದು ಸೋಮವಾರ. ಪ್ರೊಸೆಸರನ್ನು ಕಂಪನಿ ಹೇಳಿದ್ದಕ್ಕಿಂತ ಜೋರಾಗಿ ಓಡಿಸಬೇಕು, ಅಂದರೆ ಓವರ್‌ಕ್ಲಾಕ್ ಮಾಡಬೇಕು. ಮಾಡಿದರೆ ಅದು ಕಾದು ತಾನೇ ಆರಿಹೋಗುತ್ತಿತ್ತು. ಮೇ ತಿಂಗಳು, ಹಳೆಯ ವಾಡೆಯ ಮಾಳಿಗೆಯ ಕೋಣೆ, ಎ.ಸಿ. ಹಾಕಿದರೆ ವೈರು ಸುಟ್ಟೀತೆಂದು ಮಾಲೀಕನ ತಕರಾರು. ಉಳಿದಿದ್ದು ಒಂದೇ ದಾರಿ: ಕಂಪನಿ ಕೊಟ್ಟ ಪುಟಾಣಿ ಫ್ಯಾನು ತೆಗೆದು ದೊಡ್ಡ ಕೂಲರ್ ಕೂರಿಸುವುದು.

ಆಕೆಯ ಕಣ್ಣು ಕಪಾಟಿನ ಮೇಲಿದ್ದ ಕಪ್ಪು ಕೂಲರಿನ ಮೇಲೆ ಬಿತ್ತು. ಅವಳಿ ಗೋಪುರದಂಥ ತಗಡಿನ ಪದರುಗಳು, ಎರಡು ಫ್ಯಾನು. ದೀಪವಿಲ್ಲ, ಆದ್ದರಿಂದ ಗಿರಾಕಿಯೂ ಇಲ್ಲ. ಅಳತೆ ಬರೆದುಕೊಂಡು ಎದ್ದಳು. ಹೋದಳೆಂದರೆ ಹೋದಳು ಎಂದು ಬಸವಪ್ರಭು ಅಂದುಕೊಂಡ. ಮರುದಿನ ಆಕೆಯ ಚೀಲದಿಂದ ಹೊರಬಂದಿದ್ದು ಚಪ್ಪಲಿ ಡಬ್ಬಿಯ ರಟ್ಟಿನಲ್ಲಿ ಮಾಡಿದ ಅದೇ ಕೂಲರ್, ಫ್ಯಾನು ಸಮೇತ. ಅದನ್ನು ತನ್ನ ಕಂಪ್ಯೂಟರಿನೊಳಗೆ ಕೂರಿಸಿ ನೋಡಿಯೇ ತಂದಿದ್ದಳು.

"ಮುಂದಿನ ಫ್ಯಾನ್ ಮೆಮರಿ ಕಡ್ಡಿಗೆ ಬಡೀತದ. ಮ್ಯಾಲೆ ಎತ್ತಿದ್ರ ಕ್ಯಾಬಿನೆಟ್ ಬಾಗಲ ಮುಚ್ಚೂದಿಲ್ಲ. ಅದನ್ನ ತೆಗದು ಹಿಂದಿನ ಗೋಪುರದ ಬೆನ್ನಿಗೆ ಹಾಕಿದ್ರ ಕೂಡತದ. ಹಾಕೂಣೇನ್ರಿ?"

ಒಯ್ದು, ಕೂಡದೆ, ಬೈದು ವಾಪಸು ಕೊಡುವ ಗಿರಾಕಿಗಳನ್ನೇ ಕಂಡಿದ್ದ ಬಸವಪ್ರಭು ರಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದ. "ಅಕ್ಕಾರ, ನೀವು ಅಂಗಡಿ ಇಟ್ರ ನಾ ಊರು ಬಿಡಬೇಕಾಗ್ತದ."

"ಸದ್ಯಕ್ಕ ಊರು ಬಿಡಬ್ಯಾಡ್ರಿ. ಶುಕ್ರವಾರ ಮನಿಗೆ ಬಂದು ಕೂಡಸ್ರಿ."

ಶುಕ್ರವಾರ ಅವನೇ ಹೋದ. ಇಬ್ಬರೂ ಕ್ಯಾಬಿನೆಟ್ಟಿನೊಳಗೆ ತಲೆ ತೂರಿಸಿ ಹಳೆಯ ಫ್ಯಾನಿನ ತಿರುಪು ಬಿಚ್ಚುತ್ತಿದ್ದಾಗ ತ್ರಿವೇಣಿಯ ಅತ್ತೆ ಅನ್ನಪೂರ್ಣಮ್ಮ ಬಾಗಿಲಲ್ಲಿ ನಿಂತರು.

"ತಮ್ಮಾ, ಹೊಸಾ ಸಾಮಾನು. ಪೂಜಿ ಮಾಡಲ್ಯಾ?"

"ಮಾಡ್ರಿ ಅವ್ವಾರ, ಅದಕ್ಕೇನು" ಎಂದ ಬಸವಪ್ರಭು, ತಿರುಗಿ ನೋಡದೆ.

ಕೂಲರ್ ಎತ್ತಿಕೊಳ್ಳುವಾಗ ಪದರುಗಳ ಸಂದಿಯಲ್ಲಿ ಒಂದು ಮಲ್ಲಿಗೆ ಕಂಡಿತು. ಅದನ್ನು ಭಕ್ತಿಯಿಂದ ಜೇಬಿಗೆ ಹಾಕಿಕೊಂಡ; ಪೂಜೆ ಅಲ್ಲಿಗೆ ಮುಗಿಯಿತೆಂದುಕೊಂಡ. ಪ್ರೊಸೆಸರಿನ ಮೇಲೆ ಶಾಖ ದಾಟಿಸುವ ಪೇಸ್ಟ್ ಹಚ್ಚಿ, ಕೂಲರನ್ನು ಮೇಲಿನಿಂದ ಇಳಿಸಿ ತಿರುಪು ಬಿಗಿದ. ರಟ್ಟು ಹೇಳಿದಂತೆಯೇ ಬಾಗಿಲು ಮುಚ್ಚಿತು.

ತ್ರಿವೇಣಿ ವೇಗ ಏರಿಸಿ ಕೆಲಸ ಶುರುಮಾಡಿದಳು. ಪರದೆಯ ಮೇಲಿನ ಉಷ್ಣತೆ ಒಂದೇ ಜಿಗಿತಕ್ಕೆ ಮೇಲೇರಿತು, ಕಂಪ್ಯೂಟರು ಆರಿಹೋಯಿತು. ಮತ್ತೆ ಹಚ್ಚಿದಳು. ಮತ್ತೆ ಆರಿತು.

ವ್ಯಾಪಾರಿಯ ನಾಲಿಗೆ ತನ್ನ ರಕ್ಷಣೆಗೆ ತಾನೇ ಎದ್ದಿತು. "ನಿಮ್ಮ ಪ್ರೊಸೆಸರ್ ಪೀಸೇ ಹಂಗ ಅದ ಅನಸ್ತದರಿ. ವೇಗ ಇಳಿಸಿಬಿಡ್ರಿ."

"ಇಳಿಸಿದ್ರ ಸೋಮವಾರ ಆಗ್ತದ." ಆಕೆಯ ಮುಖ ಬೆವೆತಿತ್ತು, ಬಾಗಿಲು ತೆಗೆದು ಒಳಗಿಟ್ಟ ಕೈ ಮಾತ್ರ ನಿಧಾನವಾಗಿ ಕೂಲರಿನ ಪದರುಗಳ ಮೇಲೆ ಆಡುತ್ತಿತ್ತು. "ಇಲ್ಲಿ ಕೈ ಇಡ್ರಿ ಅಣ್ಣಾರ."

ಇಟ್ಟ. ತಣ್ಣಗಿತ್ತು.

"ಕೆಳಗ ಕುದೀಲಿಕ್ಕತ್ತದ, ಮ್ಯಾಲ ತಣ್ಣಗದ. ಶಾಖ ಇಲ್ಲಿಗೆ ಬಂದೇ ಇಲ್ಲ. ನಡುವ ಏನೋ ಅಡ್ಡ ಕುಂತದ. ಬಿಚ್ರಿ."

ಬಿಚ್ಚಿದರು. ಕೂಲರಿನ ತಳ, ಪ್ರೊಸೆಸರಿಗೆ ಅಂಟಿಕೊಳ್ಳಬೇಕಾದ ಕನ್ನಡಿಯಂಥ ತಾಮ್ರ, ಮೂರು ಬೆರಳ ವಿಭೂತಿ ಧರಿಸಿತ್ತು. ದಪ್ಪಗೆ, ಧಾರಾಳವಾಗಿ. ಪೇಸ್ಟಿನಲ್ಲಿ ಕಲಸಿದ ಬೂದಿ ಹರಳುಗಟ್ಟಿತ್ತು. ನಡುವೆ ಒಂದು ಕುಂಕುಮದ ಬೊಟ್ಟು.

ಬಸವಪ್ರಭು ಬಿಚ್ಚಿದ ತಿರುಪುಗಳನ್ನು ಎಣಿಸತೊಡಗಿದ. ಇಂಥ ಹೊತ್ತಿನಲ್ಲಿ ಅತ್ತೆ-ಸೊಸೆಯರ ನಡುವೆ ಮೂರನೆಯವನು ಇರಬಾರದೆಂದು ಅವನಿಗೆ ಗೊತ್ತಿತ್ತು. ಅನ್ನಪೂರ್ಣಮ್ಮನವರೇ ಬಗ್ಗಿ ನೋಡಿದರು.

"ನಾ ಹಚ್ಚಿದ್ದೇ ಏನು ಅಡ್ಡ ಆತು? ಮುಖ ಇದ್ದಲ್ಲಿ ಹಚ್ಚೀನವಾ. ಫಳಫಳ ಅಂತಿತ್ತು. ಬ್ಯಾರೆ ಮುಖ ಎಲ್ಲದ ಇದಕ್ಕ?"

ಭಾನುವಾರ ಕೈತಪ್ಪುತ್ತಿದ್ದ ಹೊತ್ತಿನಲ್ಲೂ ತ್ರಿವೇಣಿ ನಕ್ಕಳು. ವ್ಯಂಗ್ಯದ ನಗೆಯಲ್ಲ, ಮನಸಾರೆ ಬಂದ ನಗೆ. "ನೀವು ಅಂದಿದ್ದು ಖರೇ ಅದರಿ ಅತ್ತಿ, ಮುಖ ಇದೇ. ಆದ್ರ ಇದು ಮುಖ ಒತ್ತಿಕೊಂಡು ದುಡೀತದ, ನಡುವ ಕೂದಲೆಳಿನೂ ಇರಬಾರದು. ನೀವು ಹೊರಗ ಡಬ್ಬಿಗೆ ಹಚ್ರಿ, ಎಷ್ಟು ಬೇಕಾದ್ರೂ ಹಚ್ರಿ." ಆಮೇಲೆ ಬಸವಪ್ರಭುವಿನ ಕಡೆ ತಿರುಗಿ, "ಪೂಜಿ ಮಾಡ್ರಿ ಅಂದವ್ರು ನೀವು. ಪೇಸ್ಟ್ ಮುಗದದ. ಹೋಗಿ ತರ್ರಿ" ಎಂದಳು.

ಮಟಮಟ ಮಧ್ಯಾಹ್ನದಲ್ಲಿ, ಎಳನೀರಿಗೂ ನಿಲ್ಲದೆ, ಬಸವಪ್ರಭು ಸ್ಕೂಟರಿನಲ್ಲಿ ಅಂಗಡಿಗೆ ಹೋಗಿ ಬಂದ. ಅಷ್ಟರಲ್ಲಿ ಆಕೆ ಸ್ಪಿರಿಟ್ಟಿನಲ್ಲಿ ತಾಮ್ರ ಒರೆಸಿ ಮುಖ ಕಾಣುವಂತೆ ಮಾಡಿದ್ದಳು. ಈ ಸಲ ಪೇಸ್ಟನ್ನು ತಾನೇ ಹಚ್ಚಿದಳು. ಉಷ್ಣತೆ ಏರಿತು, ತಡೆಯಿತು, ನಿಂತಿತು. ಪದರುಗಳು ಬಿಸಿಯಾದವು, ಹಿಂದಿನ ಫ್ಯಾನು ಆ ಬಿಸಿಯನ್ನು ಹೊರಗೆ ಊದಿತು.

"ಇನ್ನೂ ಒಂದು ಮೆಟ್ಟಲ ಏರಸ್ರಿ ಅಕ್ಕಾರ, ತಡೀತದ!" ಎಂದ ಬಸವಪ್ರಭು, ಹುರುಪಿನಲ್ಲಿ.

ಆಕೆ ಒಂದು ಮೆಟ್ಟಿಲು ಇಳಿಸಿದಳು. "ಭಾನುವಾರಕ್ಕ ಇಷ್ಟು ಸಾಕು. ಜೋರು ಓಡಿ ನಡುವ ಬಿದ್ರ ಯಾರಿಗೆ ಚಂದ?"

ಹೆಚ್ಚು ಸಿಗುವಲ್ಲಿ ಕಡಿಮೆಗೆ ನಿಲ್ಲುವ ಮನುಷ್ಯರನ್ನು ಬಸವಪ್ರಭು ತನ್ನ ಲೈನಿನಲ್ಲಿ ಕಂಡದ್ದು ಕಡಿಮೆ. ಕನ್ನಡಿಯಲ್ಲಂತೂ ಕಂಡಿರಲಿಲ್ಲ.

ಭಾನುವಾರ ಮಧ್ಯಾಹ್ನ, ಕೇಳದೆ ಇರಲಾಗದೆ, ಫೋನ್ ಮಾಡಿದ. ವಿಡಿಯೊ ನಸುಕಿಗೇ ಮುಗಿದು ಬಾರಾಮತಿ ಮುಟ್ಟಿತ್ತು. ಸಮಾರಂಭದಲ್ಲಿ ಓಡಿತ್ತು.

"ಬಿಲ್ಡರ್ ಏನಂದ್ರು ಅಕ್ಕಾರ?"

"ತಕರಾರು ತೆಗದಾನ. ಹಾಲ್‌ನ ಪರದಿ ಹಸರು ಮಾಡ್ರಿ ಅಂತ. ಬಾಲ್ಕನ್ಯಾಗ ತುಳಸಿಕಟ್ಟಿ ಇಡ್ರಿ ಅಂತ. ಎರಡನೇ ಬಿಲ್ಡಿಂಗ್‌ನ್ಯಾಗ ಲಿಫ್ಟ್ ದೊಡ್ಡದು ತೋರಸ್ರಿ ಅಂತ."

"ಎರಡನೇ ಬಿಲ್ಡಿಂಗಾ? ಅದರ ಕೆಲಸ ನಿಮಗ ಯಾವಾಗ ಕೊಟ್ಟಾರಿ?"

ಆ ಕಡೆ ಟಕಟಕ ಅನ್ನುತ್ತಿದ್ದ ಮೌಸು ನಿಂತಿತು. 

"ಅಯ್ಯ, ಹೌದಲ್ರಿ ಅಣ್ಣಾರ," ಎಂದಳು ತ್ರಿವೇಣಿ. "ಪರದಿ ಬಣ್ಣ ಹುಡುಕೂ ಗದ್ದಲದಾಗ ಅದು ಲಕ್ಷ್ಯಕ್ಕ ಬರಲಿಲ್ಲ ನೋಡ್ರಿ."