ನಾನು ಕೊಡದ ಮುಕ್ತಾಯ

ನೀನು ಕೈ ಎತ್ತಿದ್ದೆ, ಕಸ್ತೂರಿ. ಎಡಗೈ, ತಲೆಯ ಮೇಲಕ್ಕೆ, ನಾವು ಮಾತಾಡಿಕೊಂಡ ಹಾಗೆಯೇ. ನಾನು ನೋಡಿದ್ದೆ. ನೋಡಿಯೂ ಡೋಲಕ್ ನಿಲ್ಲಿಸಲಿಲ್ಲ. ಆಮೇಲೆ, ನೀನು ಕೈಯನ್ನೇ ಎತ್ತಲಿಲ್ಲ ಎಂದು ನಿನ್ನನ್ನೇ ನಂಬಿಸಿದೆ. ಇಷ್ಟು ಬರೆಯುವುದಕ್ಕೆ ನನಗೆ ಇಷ್ಟು ವರ್ಷ ಬೇಕಾಯಿತು.

ಬೊಂಬಾಯಿಯ ಹೋಟೆಲುಗಳಲ್ಲಿ ಅರಬರ ಹೊಟ್ಟೆ ಕುಣಿತ ಕಲಿತು ನೀನು ಹೊಸಪೇಟೆಗೆ ಬಂದಾಗ ನಾನು ನಾಟಕ ಕಂಪನಿಯಲ್ಲಿ ಡೋಲಕ್ ಬಾರಿಸುತ್ತಿದ್ದೆ. ನೀನೂ ಅಲ್ಲೇ ಕುಣಿಯತೊಡಗಿದೆ; ಜನ ಬರುತ್ತಿದ್ದದ್ದು ಸಿಳ್ಳೆ ಹೊಡೆಯುವುದಕ್ಕೆ. ನೀನು ಮಾತ್ರ ಆ ಕುಣಿತದ ಕೆಳಗೆ ನಮ್ಮ ಡೊಳ್ಳಿನ ಪೆಟ್ಟು ತಂದಿಟ್ಟೆ. ಸೊಂಟ ಅಲ್ಲಿಯದು, ಹೆಜ್ಜೆ ಇಲ್ಲಿಯದು. ‘ಹೊಟ್ಟೆ ಕುಣಿಸೋಳು’ ಎಂದು ಆಡಿಕೊಂಡವರೇ ಆಮೇಲೆ ಕುಣಿತ ಕಲಿಸು ಅಂತ ಮಗಳನ್ನು ಕರೆದುಕೊಂಡು ಚಿತ್ತವಾಡ್ಗಿಯ ನಿನ್ನ ತಗಡಿನ ಮನೆಗೆ ಬಂದರು. ಸಂಡೂರಿನ ಗಣಿ ಸಾಹೇಬರ ಮನೆಯ ಹುಡುಗಿಯರು ಬಂದರು, ಹಂಪಿಯಲ್ಲಿ ಉಳಿದಿದ್ದ ಫಾರಿನ್ನಿನವರು ಬಾಡಿಗೆ ಸೈಕಲ್ ತುಳಿದುಕೊಂಡು ಬಂದರು. ಎಲ್ಲರಿಗೂ ನೀನು ಹೇಳುತ್ತಿದ್ದೆ, “ನಮ್ಮ ಹನುಮಣ್ಣ ಇಲ್ದಿದ್ರ ನನ್ನ ಕಾಲೇ ಏಳಂಗಿಲ್ರಿ.” ಅದನ್ನು ಕೇಳಿ ನಾನು ಉಬ್ಬಿ ಹೋಗುತ್ತಿದ್ದೆ.

ಊರಿಗೆ ಹೊರಟ ಒಬ್ಬ ಫಾರಿನ್ ಹುಡುಗಿ ನಿನಗೆ ತನ್ನ ಟೇಪ್ ರೆಕಾರ್ಡರನ್ನೂ ಅರಬ್ಬಿ ಕ್ಯಾಸೆಟ್ಟುಗಳನ್ನೂ ಕೊಟ್ಟು ಹೋದಳು. “ಅಣ್ಣಾ, ಕ್ಲಾಸಿಗೆ ಇನ್ಮ್ಯಾಲ ಇದು ಸಾಕ್ರಿ. ನೀವು ಸ್ಟೇಜಿಗೆ ಬರ್ರಿ, ಆಯ್ತಲ್ಲ?” ಅಂದೆ. ನಿನ್ನ ಮಾತಿನಲ್ಲಿ ಏನೂ ಇರಲಿಲ್ಲ. ಚಹದಂಗಡಿಯವರು ಸುಮ್ಮನಿರಬೇಕಲ್ಲ. “ಏನಲೇ ಹನುಮ, ನಿನಗ ಸವತಿ ಬಂದಾಳಂತ?” ನಾನೂ ನಕ್ಕೆ. ಒಳಗೆ ಬೆಂದುಹೋದೆ. ಯಂತ್ರದ ಮೇಲೆ ಹೊಟ್ಟೆಕಿಚ್ಚು — ಹೇಳಿಕೊಳ್ಳುವುದಕ್ಕೂ ನಾಚಿಕೆ.

ಆಮೇಲೆ ಕಂಪ್ಲಿಯ ಅಕ್ಕಿ ಗಿರಣಿಯ ಅಂಗಳ. ಕಾಲುವೆ ನೀರಿನ ದುಡ್ಡು ಕೈತುಂಬ ಓಡಾಡುತ್ತಿದ್ದ ಕಾಲ, ಗಿರಣಿ ಸಾಹುಕಾರರೇ ಕರೆಸಿದ್ದರು. ನಿನ್ನದೇ ಊರು. ನೀನು ಬೊಂಬಾಯಿಗೆ ಹೋದ ಮೇಲೆ ಮಾತು ಬಿಟ್ಟಿದ್ದ ನಿನ್ನ ಅವ್ವ ಮುಂದಿನ ಸಾಲಿನಲ್ಲಿ ಕೂತಿದ್ದಳು. ಅವಳ ಎದುರು ತಲೆ ಎತ್ತಿ ನಿಲ್ಲಬೇಕು, ನಿನಗೆ ಬೇಕಿದ್ದದ್ದು ಅದೊಂದೇ. ಪರದೆಯ ಹಿಂದೆ ನನ್ನೊಬ್ಬನಿಗೇ ಹೇಳಿದೆ, “ಮೊಣಕಾಲು ಭಾಳ ನೋಯಾಕತ್ತೈತಿ ಅಣ್ಣಾ. ಎಡಗೈ ಎತ್ತತೀನಿ, ಎತ್ತಿದ ಕೂಡ್ಲೇ ಮುಕ್ತಾಯ ಕೊಟ್ಟುಬಿಡ್ರಿ.” ಹೂಂ ಅಂದೆ.

ಮುಕ್ತಾಯದ ಪೆಟ್ಟು ಬೀಳದೆ ನೀನು ನಿಲ್ಲುವವಳಲ್ಲ. ಡೋಲಕ್ ನಿಲ್ಲೋ ತನಕ ಕಾಲು ನಿಲ್ಲಬಾರದು — ಹುಡುಗಿಯರಿಗೆ ನೀನು ಕಲಿಸಿದ ಮೊದಲ ಪಾಠವೇ ಅದು. ಆ ಹುಡುಗಿಯರೆಲ್ಲ ಅಲ್ಲೇ ಕೂತಿದ್ದರು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ.

ನಿನ್ನ ಕೈ ಎದ್ದಾಗ ನನಗೆ ಅನ್ನಿಸಿದ್ದು — ಕ್ಯಾಸೆಟ್ಟು ನೋಡುತ್ತದೇನು ನಿನ್ನ ಕೈಯನ್ನು? ನೀನು ಕಾಯಬೇಕು, ತಾಳದ ಇನ್ನೊಂದು ಸುತ್ತು. ಜನ ‘ಒನ್ಸ್ ಮೋರ್’ ಅಂದರು. ಮತ್ತೊಂದು. ನೀನು ನಗುನಗುತ್ತಲೇ ತಿರುಗಿ ನನ್ನ ಕಡೆ ನೋಡಿದೆ, ಮತ್ತೆ ಕೈ ಎತ್ತಿದೆ. ನಾನು ತಲೆ ಬಗ್ಗಿಸಿ ಲಯ ಏರಿಸಿದೆ. ಏರಿಸಿದೆ, ಕಸ್ತೂರಿ! ಮೊಣಕಾಲು ತಿರುಚಿ ನೀನು ಬಿದ್ದಾಗ ಮೊದಲು ಓಡಿಬಂದು ಎತ್ತಿದವನೂ ನಾನೇ. ಎಂಥ ಅಣ್ಣ ಅಂತ ಜನ ಹೊಗಳಿದರು. ಅವ್ವ ಎದ್ದು ಹೋಗಿದ್ದಳು.

“ಅಣ್ಣಾ, ನಾ ಕೈ ಎತ್ತಿದ್ದು ಕಾಣಲಿಲ್ಲೇನ್ರಿ?” ಅಂತ ಕೇಳಿದೆ, ಹಲ್ಲು ಕಚ್ಚಿಕೊಂಡು.

“ಇಲ್ಲವ್ವ. ನೀ ಕೈ ಎತ್ತಲೇ ಇಲ್ಲ.”

ನೀನು ನನ್ನ ಮುಖ ನೋಡಿದೆ. ಆಮೇಲೆ ನಿನ್ನ ಎಡಗೈಯನ್ನು ನೋಡಿಕೊಂಡೆ. ನಂಬಿದೆ.

ಮತ್ತೆ ನೀನು ಕುಣಿಯಲಿಲ್ಲ. ಕುರ್ಚಿಯಲ್ಲಿ ಕೂತು ಕಲಿಸತೊಡಗಿದೆ. ಕೂತು ಕಲಿಸುವವಳಿಗೆ ಟೇಪ್ ರೆಕಾರ್ಡರ್ ಆಗಿಬರಲಿಲ್ಲ, ಹೇಳಿದ ಕಡೆ ನಿಲ್ಲಿಸುವ, ಮತ್ತೆ ಅಲ್ಲಿಂದಲೇ ಎತ್ತಿಕೊಳ್ಳುವ ಕೈ ಬೇಕಾಯಿತು. ನನ್ನನ್ನು ಕರೆಸಿಕೊಂಡೆ. ನನ್ನ ಜಾಗ ನನಗೆ ಸಿಕ್ಕಿತು — ಹೀಗೆ! ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಮಾಡಿದವನು ನಾನು, ಉಂಡವಳು ನೀನು. ನಾನು ಉಂಡದ್ದು ನಿನ್ನ ಅನ್ನ. ನಿನ್ನ ಶಿಷ್ಯೆಯರು ಈಗ ಎಲ್ಲೆಲ್ಲೋ ಕ್ಲಾಸು ನಡೆಸುತ್ತಾರೆ, ನಿನ್ನ ಹೆಸರು ಹೇಳಿಯೇ ಗೆಜ್ಜೆ ಕಟ್ಟಿಸುತ್ತಾರೆ. ಅದರ ಜೊತೆಗೆ, ನಮ್ಮ ಕಸ್ತೂರಿ ಅಕ್ಕ ಒಮ್ಮೆ ಮೈಮರೆತು ಕಾಲು ಕಳೆದುಕೊಂಡಳು ಅನ್ನುವ ಕಥೆಯನ್ನೂ ಹೇಳುತ್ತಾರೆ.

ನಿನ್ನೆ ಹೊಸದಾಗಿ ಬಂದ ಹುಡುಗಿ ನಿನ್ನ ಕಾಲಿನ ಬಗ್ಗೆ ಕೇಳಿದಳು. ನೀನು ನಗುತ್ತಾ ಹೇಳಿದೆ, “ಜಂಬ ಹೆಚ್ಚಾಗಿತ್ತವ್ವ ನನಗ. ಕೈ ಎತ್ತೋದನ್ನ ಮರತೆ. ಮರತು, ತಪ್ಪು ಅಣ್ಣನ ಮ್ಯಾಲ ಹಾಕಾಕ ಹೋಗಿದ್ದೆ.” ಎರಡೂ ಕಿವಿ ಹಿಡಿದುಕೊಂಡು ನನ್ನ ಕಡೆ ತಿರುಗಿದೆ. “ಇನ್ನೂ ಸಿಟ್ಟೈತೇನ್ರಿ ಅಣ್ಣಾ?”

ಇಲ್ಲ ಎಂದು ತಲೆ ಅಲ್ಲಾಡಿಸಿದೆ. ನೀನು ಕ್ಷಮೆ ಕೇಳಿದೆ, ನಾನು — ನಾನು ಕ್ಷಮಿಸಿದೆ! ಇಂಥ ಪಾಪಿ ಎಲ್ಲಾದರೂ ಇದ್ದಾನೇನು?

ಈ ಕಾಗದವನ್ನು ನಿನ್ನ ಕೈಗೆ ಕೊಟ್ಟು ತಲೆ ತಪ್ಪಿಸಿಕೊಳ್ಳಬಹುದು ಅಂದುಕೊಂಡು ಕೂತೆ. ಅದೂ ಹೇಡಿತನವೇ. ನಾಳೆ ಬೆಳಗಿನ ಕ್ಲಾಸಿನಲ್ಲಿ, ಆ ಹುಡುಗಿಯ ಎದುರೇ, ಎಲ್ಲರ ಎದುರೇ, ಬಾಯಿಬಿಟ್ಟು ಹೇಳುತ್ತೇನೆ. ನೀನು ಉಗಿದು ಹೊರಗೆ ಹಾಕಿದರೆ ಮರುಮಾತಾಡದೆ ಹೋಗುತ್ತೇನೆ. ನನಗಿರುವ ಭಯ ಅದಲ್ಲ. ನಿನ್ನನ್ನು ಬಲ್ಲೆ — ಅಷ್ಟೆಲ್ಲ ಕೇಳಿದ ಮೇಲೂ ನೀನು “ಕುಂದ್ರಿ ಅಣ್ಣಾ” ಅಂದುಬಿಡಬಹುದು. ಹಾಗಂದರೂ ಆ ಡೋಲಕ್ಕಿನ ಮುಂದೆ ನಾನು ಮತ್ತೆ ಕೂರುವುದಿಲ್ಲ.