ರೊಟ್ಟಿ ಪಂಚಮಿಯ ಸೂಜಿ

ನಾನು ನರ್ಸಬಾಯಿ ಆಗಿ ಶಿಗ್ಲಿಯ ಆಚೆಗಿನ ಒಂದು ಸಣ್ಣ ಹಳ್ಳಿಗೆ ಹೊರಟಾಗ ನಮ್ಮಜ್ಜಿ ಟ್ರಂಕಿನಲ್ಲಿ ಸೀರೆಗಳ ಮೇಲೆ ಒಂದು ಪಂಚಾಂಗ ಇಟ್ಟುಕೊಟ್ಟಳು. ಲಕ್ಷ್ಮೇಶ್ವರದಲ್ಲಿ ನಮ್ಮದು ಹಿಂದಿನಿಂದಲೂ ಗುಡಿಯ ಸೇವೆ ಮಾಡಿಕೊಂಡು ಬಂದ ಮನೆ. ಮಗಳು ಸೂಜಿ ಚುಚ್ಚುವ ನೌಕರಿ ಹಿಡಿದಳಲ್ಲ ಎಂದು ಅಪ್ಪ ಮುಖ ಗಂಟು ಹಾಕಿಕೊಂಡಿದ್ದ. ಅಜ್ಜಿಗೆ ಆ ಚಿಂತೆ ಇರಲಿಲ್ಲ. ಮಂದಿ ಮನೆಗೆ ಹೋಗುವಾಕಿ ನೀನು, ಆ ಮನೆಯಲ್ಲಿ ಇವತ್ತು ಏನು ನಡೆದಿದೆ ಅಂತ ತಿಳಿದುಕೊಂಡು ಹೋಗು, ಅಂದಳು ಅಷ್ಟೆ. ನಾನು ಮಾತು ಕಲಿತದ್ದೇ ಅವಳ ಮಗ್ಗುಲಲ್ಲಿ ಕೂತು; ಅವಳು ಹೇಳಿದ್ದನ್ನು ತೆಗೆದುಹಾಕುವುದು ನನ್ನಿಂದ ಆಗುತ್ತಿರಲಿಲ್ಲ.

ಹೋದ ಮೇಲೆ ಗೊತ್ತಾಯಿತು, ಹಳ್ಳಿಯ ನರ್ಸಬಾಯಿಗೆ ಥರ್ಮಾಸ್ ಎಷ್ಟು ಬೇಕೋ ಹಬ್ಬ ಹುಣ್ಣಿಮೆಯ ತಿಳಿವಳಿಕೆಯೂ ಅಷ್ಟೇ ಬೇಕು. ಅಮಾವಾಸ್ಯೆಯ ದಿನ ಕೂಸಿಗೆ ಲಸಿಕೆ ಹಾಕಿದರೆ, ಸಂಜೆ ಬರುವ ಜ್ವರ ಸೂಜಿಯದಲ್ಲ, ಇನ್ಯಾವುದರದೋ ಅಂತ ನಿಂಬೆಹಣ್ಣು ನಿವಾಳಿಸಿ ಇಳಿ ತೆಗೆಯುತ್ತಿದ್ದರು. ರಮಜಾನ್ ತಿಂಗಳಲ್ಲಿ ಬಸುರಿ ಹೆಣ್ಣುಮಕ್ಕಳು ಹಗಲು ಧನುರ್ವಾಯುವಿನ ಇಂಜೆಕ್ಷನ್ ಒಲ್ಲೆ ಅನ್ನುವರು. ಸಂಜೆ ರೋಜಾದ ಉಪವಾಸ ಬಿಟ್ಟ ಮೇಲೆ ಹೋದರೆ ತಾವಾಗಿಯೇ ತೋಳು ಮುಂದೆ ಮಾಡಿ, ನನ್ನ ಕೈಗೊಂದು ಖಜೂರ ಇಡುವರು. ಮೊಹರಂ ಬಂತೆಂದರೆ ಹರಕೆ ಹೊತ್ತ ಮನೆಗಳ ಹುಡುಗರು, ಯಾವ ಜಾತಿಯವರೇ ಇರಲಿ, ಕೊರಳಿಗೆ ಕೆಂಪು ದಾರ ಹಾಕಿಕೊಂಡು ಫಕೀರರಾಗುವರು. ಆ ದಾರ ಬಿಚ್ಚುವವರೆಗೆ ಅವರ ಅವ್ವಂದಿರು ನನ್ನ ಚೀಲ ಕಂಡರೆ ಓಣಿ ಬದಲಿಸುವರು. ಗದಗ-ಬೆಟಗೇರಿಯಿಂದ ಬಂದಿದ್ದ ಹಿರಿಯ ನರ್ಸು ಕ್ರಿಸ್‌ಮಸ್‌ಗೆ ಊರಿಗೆ ಹೋದರೆ ಅವರ ಹಳ್ಳಿಗಳನ್ನು ನಾನು ನೋಡಿಕೊಳ್ಳುತ್ತಿದ್ದೆ, ದೀಪಾವಳಿಗೆ ನನ್ನವನ್ನು ಅವರು. ಇವಲ್ಲದೆ ಕಚೇರಿಗೂ ತನ್ನವೇ ಹಬ್ಬಗಳಿದ್ದವು. ಆರೋಗ್ಯ ದಿನ, ಕುಷ್ಠರೋಗ ತಿಳಿವಳಿಕೆಯ ದಿನ, ಕುಟುಂಬ ಕಲ್ಯಾಣದ ಹದಿನೈದು ದಿನ. ಬ್ಯಾನರ್ ಕಟ್ಟಿ, ಶಾಲೆಯ ಹುಡುಗರನ್ನು ಸಾಲು ಹಚ್ಚಿ ಘೋಷಣೆ ಕೂಗಿಸಿ, ಕೊನೆಗೆ ಚುರುಮುರಿ ಹಂಚಿದರೆ ಮುಗಿಯಿತು. ಈ ಹಬ್ಬಗಳು ಮಾತ್ರ ಮಂದಿಯ ಹಬ್ಬಗಳನ್ನು ಕೇಳಿಕೊಂಡು ಬರುತ್ತಿರಲಿಲ್ಲ. ಎಂಬತ್ತರ ದಶಕದ ಮೊದಲಲ್ಲಿ ಒಂದು ಶ್ರಾವಣ ಅದರಿಂದಲೇ ನನಗೆ ತೊಡಕಾಯಿತು.

ನಾನಿದ್ದ ಹಳ್ಳಿಯ ಮಗಳೊಬ್ಬಳನ್ನು ಮುಂಡರಗಿಯ ಆಚೆ ಹೊಳೆದಂಡೆಯ ಊರಿಗೆ ಕೊಟ್ಟಿದ್ದರು. ಬಸ್ಸಿಳಿದು ಚಕ್ಕಡಿ ಹತ್ತಿ ಹೋಗಬೇಕಾದ ಊರು, ನರ್ಸು ಅಲ್ಲಿ ಕಾಲಿಟ್ಟದ್ದಿಲ್ಲ. ಅವಳ ಮೊದಲ ಕೂಸು ನಾಯಿಕೆಮ್ಮಿನಲ್ಲಿ ಹೋಗಿತ್ತು. ಎರಡನೆಯದನ್ನು ತವರಲ್ಲಿ ಹಡೆದು ಬಾಣಂತನ ಮಾಡಿಸಿಕೊಳ್ಳುವಾಗ ನಾನೇ ಕೂಸಿಗೆ ಟ್ರಿಪಲ್ ಲಸಿಕೆಯ ಎರಡು ಸೂಜಿ ಮಾಡಿದ್ದೆ. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಮೂರಕ್ಕೂ ಅದೊಂದೇ ಲಸಿಕೆ; ಮೂರು ಸಲ ಹಾಕಬೇಕು, ವರ್ಷ ಬಿಟ್ಟು ಬಲಕ್ಕೆಂದು ಇನ್ನೊಂದು. ಮೂರನೆಯದಕ್ಕೆ ಮುಂಚೆ ಗಂಡನ ಮನೆಯವರು ಕರೆದುಕೊಂಡು ಹೋದರು. ಪಂಚಮಿಗೆ ಬರುತ್ತಾಳೆ, ಆಗ ಮಾಡೀರಂತೆ, ಅಂದಿದ್ದಳು ಅವಳ ಅವ್ವ. ಅಷ್ಟರಲ್ಲಿ ಹೊಳೆದಂಡೆಯ ಊರುಗಳಲ್ಲಿ ಮತ್ತೆ ನಾಯಿಕೆಮ್ಮು ಎದ್ದಿದೆ ಎಂಬ ಖಬರು ಬಂತು. ಹಬ್ಬದ ಮೂರು ನಾಲ್ಕು ದಿನ ಬಿಟ್ಟರೆ ಆ ಕೂಸು ನನ್ನ ಕೈಗೆ ಸಿಗುವುದಿಲ್ಲ. ಸೂಜಿ ಆಗದೆ ಅದು ವಾಪಸ್ ಹೋಗಬಾರದು ಎಂದು ನಿಶ್ಚಯ ಮಾಡಿಕೊಂಡೆ.

ಆಗಲೇ ಕಚೇರಿಯಿಂದ ಹೇಳಿಕಳಿಸಿದರು: ಲಸಿಕೆ ಪ್ರಚಾರದ ಮುಕ್ತಾಯ ನಿಮ್ಮ ಹಳ್ಳಿಯಲ್ಲಿ, ನಾಗರ ಪಂಚಮಿಯ ದಿನ. ಶಾಲೆಗೆ ಸೂಟಿ, ಹೆಣ್ಣುಮಕ್ಕಳು ತವರಿಗೆ ಬಂದಿರುತ್ತಾರೆ, ಕೂಸುಗಳು ಒಂದೇ ಕಡೆ ಸಿಗುತ್ತವೆ. ಯೋಚನೆ ಮಾಡಿದವರು ಶಾಣ್ಯಾರೇ. ಆದರೆ ನಮ್ಮ ಕಡೆ ಚೌತಿ ಮತ್ತು ಪಂಚಮಿ ಎರಡೂ ದಿನ ನೆಲ ಅಗಿಯುವುದಿಲ್ಲ, ಒಲೆಗೆ ಹಂಚು ಇಡುವುದಿಲ್ಲ, ಈಳಿಗೆ ಮೂಲೆ ಸೇರುತ್ತದೆ. ಅದಕ್ಕೇ ಚೌತಿಯ ಹಿಂದಿನ ದಿನ ರೊಟ್ಟಿ ಪಂಚಮಿ. ಅಂದು ಬುಟ್ಟಿಗಟ್ಟಲೆ ಜೋಳದ ರೊಟ್ಟಿ ಬಡಿದಿಟ್ಟು, ಪಲ್ಯ ಚಟ್ನಿ ಸಮೇತ ಮನೆಯಿಂದ ಮನೆಗೆ ಬೀರುತ್ತಾರೆ. ನಾಗಪ್ಪನ ಮೈಗೆ ನೋವಾದೀತೆಂದು ಮೆಣಸಿನಕಾಯಿಯ ತೊಟ್ಟನ್ನೂ ಮುರಿಯದ ದಿನ ಕೂಸಿನ ಮೈಗೆ ಸೂಜಿ ಚುಚ್ಚಿರಿ ಎಂದರೆ ಯಾವ ತಾಯಿ ಒಪ್ಪಿಯಾಳು?

ಆದರೂ ಆ ಮಗಳ ಅವ್ವನನ್ನು, ಅಂದರೆ ಕೂಸಿನ ಅಜ್ಜಿಯನ್ನು, ಕೇಳಿನೋಡಿದೆ. ಆಕೆ ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟಳು.

"ಬಾಯಾರ, ಹ್ವಾದ ಕೂಸಿನ ಸುದ್ದಿ ನಿಮಗ ಗೊತ್ತಿಲ್ಲ. ಬೀಗರ ಮನ್ಯಾಗ ಪಂಚಮಿ ದಿನ ದನದ ಗೂಟ ಹುಗದ್ರು. ಅದ ಶ್ರಾವಣದಾಗ ಅದಕ್ಕ ಕೆಮ್ಮು ಹತ್ತಿತು. ಆ ದಿನ ನನ್ನ ಮನ್ಯಾಗ ಸೂಜಿ ಬ್ಯಾಡ್ರಿ."

ರೋಗಾಣುವಿನ ಪಾಠ ಹೇಳಬಹುದಿತ್ತು. ಹೇಳಲಿಲ್ಲ. ನಮ್ಮ ಮನೆಯಲ್ಲೂ ಚೌತಿಯ ಹಿಂದಿನ ದಿನ ಈಳಿಗೆಯನ್ನು ಎತ್ತಿಡುವವಳು ನಮ್ಮಜ್ಜಿಯೇ. ಹಬ್ಬ ಮುರಿದು ಸೂಜಿ ಮಾಡಿಬಿಟ್ಟೆ ಅನ್ನಿ, ಆಮೇಲೆ ಕೂಸು ಒಂದು ಸೀನು ಸೀನಿದರೂ ಆ ಊರಲ್ಲಿ ಯಾರೂ ನನ್ನ ಮುಂದೆ ಕೂಸು ಹಿಡಿಯುವುದಿಲ್ಲ. ಬದಲಾಗಬೇಕಾದದ್ದು ಆಕೆಯ ಮನಸ್ಸಲ್ಲ, ಕಚೇರಿಯ ದಿನ.

ಶಿರಹಟ್ಟಿಗೆ ಹೋಗಿ ನಮ್ಮ ಕಚೇರಿಯ ಡಾಕ್ಟರ ಸಾಹೇಬರ ಮುಂದೆ ನಿಂತೆ. ಅವರು ಮೈಸೂರು ಕಡೆಯವರು, ಒಳ್ಳೆಯವರು. ದೊಡ್ಡವರು ಬರುವ ದಿನ ಗೊತ್ತಾಗಿದೆ, ಕಾರ್ಯಕ್ರಮ ಸರಿಸುವುದು ತಮ್ಮ ಕೈಯಲ್ಲಿಲ್ಲ ಅಂದರು. ಹಾಗಾದರೆ ನನಗೊಂದು ಸೀಸೆ ಲಸಿಕೆ ಮುಂಚೆ ಕೊಡಿಸಿ, ರೊಟ್ಟಿ ಪಂಚಮಿಯ ದಿನ ಹಾಕುತ್ತೇನೆ ಅಂದೆ.

"ಒಂದು ಸೀಸೆ ಒಡೆದರೆ ಹತ್ತು ಮಕ್ಕಳಿಗೆ ಆಗುತ್ತಮ್ಮ. ಒಂದು ಮಗುವಿಗೋಸ್ಕರ ಒಡೆದು ಮಿಕ್ಕಿದ್ದನ್ನು ಚೆಲ್ಲಿ ಅಂತ ನಾನು ಹೇಗೆ ಹೇಳಲಿ?"

ನ್ಯಾಯದ ಮಾತೇ. ಹತ್ತು ಕೂಸು ಕೂಡಿಸುತ್ತೇನೆ ಅಂದೆ. ಕೂಡದಿದ್ದರೆ ಎಂದು ಕೇಳಿದರು. ಕೂಡಿಸುತ್ತೇನೆ ಎಂದು ಮತ್ತೆ ಅದನ್ನೇ ಅಂದೆ. ಅವರು ಪೆನ್ನು ತೆಗೆದು, ಗದಗಿಗೆ ಹೋಗಿ ನೀವೇ ತರಬೇಕಾಗುತ್ತದೆ, ಜೀಪು ಕೇಳಬೇಡಿ ಎಂದು ಚೀಟಿ ಬರೆದುಕೊಟ್ಟರು.

ಬಸ್ಸಿನಲ್ಲಿ ಬರುವಾಗ ಊರಿನ ಕೂಸುಗಳನ್ನು ಬೆರಳಲ್ಲಿ ಎಣಿಸತೊಡಗಿದೆ. ರೊಟ್ಟಿ ಪಂಚಮಿಯ ದಿನ ಹೆಣ್ಣುಮಕ್ಕಳಿಗೆ ಕೈ ಬಿಡುವಿರುವುದಿಲ್ಲ. ಹತ್ತು ಕೂಸು ಎಲ್ಲಿಂದ ತರಲಿ? ನನ್ನ ಪಕ್ಕದ ಮನೆಯಲ್ಲಿ ಹತ್ತಿ ಹಿಂಜಿ ಗಾದಿ ಹೊಲಿಯುವ ಪಿಂಜಾರರ ಮುದುಕಿ ಇದ್ದಳು. ಊರಿಗೆಲ್ಲ ಆಕೆ ಖಾಲಾ, ಅಂದರೆ ಚಿಕ್ಕವ್ವ. ರಮಜಾನಿಗೆ ಆಕೆಯ ಮನೆಯಿಂದ ಎಲ್ಲರಿಗೂ ಹಾಲು ಶಾವಿಗೆಯ ಸುರಕುಂಬಾ ಹೋಗುತ್ತಿತ್ತು, ರೊಟ್ಟಿ ಪಂಚಮಿಗೆ ಎಲ್ಲ ಮನೆಗಳ ರೊಟ್ಟಿ ಆಕೆಗೆ ಬರುತ್ತಿತ್ತು. ಆಕೆಯ ಮುಂದೆ ನನ್ನ ಗೋಳು ಹೇಳಿಕೊಂಡೆ. ಎಲೆ ಅಡಿಕೆ ಅಗಿಯುತ್ತ ಕೇಳಿದಳು.

"ಇಷ್ಟಕ್ಕ ಅಳುಮಾರಿ ಮಾಡೀಯೇನು? ನನಗ ರೊಟ್ಟಿ ಕೊಡಾಕ ಬರೂವಾಗ ಕೂಸಿನ್ನೂ ಎತಗೊಂಡ ಬರ್ರಿ ಅಂತ ಹೇಳತೀನಿ. ರೊಟ್ಟಿ ನಾ ಇಸಗೋತೀನಿ, ಕೂಸಿನ್ನ ನೀ ಇಸಗೋ."

ಹೇಳಿ ಸುಮ್ಮನೆ ಕೂರಲಿಲ್ಲ ಆಕೆ. ಕೋಲು ಊರಿಕೊಂಡು ಕೂಸಿದ್ದ ಮನೆಗಳಿಗೆಲ್ಲ ತಾನೇ ಹೋಗಿಬಂದಳು.

ರೊಟ್ಟಿ ಪಂಚಮಿಯ ದಿನ ಮೊದಲ ಬಸ್ಸಿಗೆ ಗದಗಿಗೆ ಹೋದೆ. ಥರ್ಮಾಸಿಗೆ ಬರ್ಫ ತುಂಬಿಸಿ, ಸೀಸೆಯನ್ನು ಅರಿವೆಯಲ್ಲಿ ಸುತ್ತಿ ಇಟ್ಟೆ. ಲಸಿಕೆ ಬಿಸಿಯಾಗಲೂಬಾರದು, ಬರ್ಫಕ್ಕೆ ತಾಗಿ ಹೆಪ್ಪುಗಟ್ಟಲೂಬಾರದು. ವಾಪಸ್ ಬರುವ ಬಸ್ಸಿನ ತುಂಬ ತವರಿಗೆ ಹೊರಟ ಹೆಣ್ಣುಮಕ್ಕಳು, ಉಂಡಿಯ ಡಬ್ಬಿಗಳು. ಥರ್ಮಾಸನ್ನು ತೊಡೆಯ ಮೇಲಿಟ್ಟುಕೊಂಡು ಕೂತ ನನ್ನನ್ನು ಕಂಡು ಕಂಡಕ್ಟರ್, ನಮಗೂ ಒಂದು ಗುಟುಕು ಚಹಾ ಹಾಕ್ರಿ ಅಂದ. ಇದು ಹಲ್ಲು ಬರದವರ ಚಹಾ, ನಿಮಗೆ ಸಲ್ಲುವುದಿಲ್ಲ ಅಂದೆ.

ಖಾಲಾನ ಒಲೆಗೆ ಎರಡು ಬಾಯಿ. ಒಂದರ ಮೇಲೆ ಹಂಚು, ಇನ್ನೊಂದರ ಮೇಲೆ ನನ್ನ ಸೂಜಿ ಸಿರಿಂಜು ಕುದಿಯುವ ಪಾತ್ರೆ. ರೊಟ್ಟಿ ತಂದವರು ಹಣಿಕಿ ಹಾಕಿ, ಬಾಯಾರ ಪಲ್ಯಕ್ಕೆ ಉಪ್ಪು ಬಿತ್ತೇನು ಎಂದು ನಗುತ್ತಿದ್ದರು. ನಗುತ್ತಲೇ ಕೂಸುಗಳನ್ನು ಮುಂದೆ ಹಿಡಿದರು. ಸೀಸೆ ಒಡೆದೆ. ಒಂದು ಅತ್ತಿತು, ಅದನ್ನು ಕೇಳಿ ಉಳಿದವೆಲ್ಲ ಅತ್ತವು; ಖಾಲಾ ಒಂದೊಂದಕ್ಕೂ ಗದರಿ ಬೆಲ್ಲದ ಚೂರು ನೆಕ್ಕಿಸಿದಳು. ಸೀಸೆಯ ತಳದಲ್ಲಿ ಒಂದು ಕೂಸಿಗಾಗುವಷ್ಟು ಉಳಿಯಿತು. ಯಾರಿಗಾಗಿ ಇದೆಲ್ಲ ಮಾಡಿದ್ದೆನೋ ಆ ಕೂಸು ಮಾತ್ರ ಬರಲಿಲ್ಲ. ತಡವಾಗಿ ಬಂದ ಮತ್ತೊಬ್ಬ ತಾಯಿ, ಉಳಿದದ್ದು ನನ್ನ ಕೂಸಿಗೆ ಹಾಕ್ರಿ ಅಂದಳು. ಆಕೆ ಅದೇ ಊರಿನಲ್ಲಿರುವಾಕಿ, ಬರುವ ವಾರ ಹಾಕುತ್ತೇನೆಂದು ಮಾತು ಕೊಟ್ಟೆ. ಥರ್ಮಾಸಿನ ಬರ್ಫ ನೀರಾಗುತ್ತಿತ್ತು. ಅದನ್ನೂ ಕುದಿಸಿದ ಸೂಜಿ ಸಿರಿಂಜನ್ನೂ ಎತ್ತಿಕೊಂಡು ನಾನೇ ಆ ಮನೆಗೆ ನಡೆದೆ.

ಮಗಳು ಕೂಸನ್ನೆತ್ತಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಅವಳಿಗೆ ಮನಸ್ಸಿತ್ತು, ಅವ್ವನ ಮಾತು ಮೀರುವ ಧೈರ್ಯವಿರಲಿಲ್ಲ. ಅಜ್ಜಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ತಲೆ ಎತ್ತದೆಯೇ ಕೇಳಿದಳು.

"ಸೂಜಿ ಮಾಡಿದ್ರ ಜ್ವರ ಬರತೈತೇನ್ರಿ?"

"ಬರತೈತ್ರಿ. ನಾಳಿ ಮಧ್ಯಾಹ್ನದತನಕ ಇದ್ರೂ ಇರಬಹುದು."

"ನಾಳಿ ಚೌತಿ."

"ಗೊತ್ತೈತ್ರಿ."

ಬಡಿಯುವ ಕೈ ನಿಂತಿತು. "ನಾಗಪ್ಪಗ ಹಾಲೆರಿಯೂವಾಗ ಕೂಸಿನ ಮೈ ಸುಡಾಕತ್ರ, ಅದು ಸೂಜೀದು ಅಂತ ನಾ ಹೆಂಗ ತಿಳೀಲಿ?"

ಆಕೆ ಇಷ್ಟು ದಿನ ಬಾಯಿ ಬಿಡದೆ ಇಟ್ಟುಕೊಂಡ ಅಂಜಿಕೆ ಇದು. ಜ್ವರ ಬರುತ್ತದೆಂದು ನಾನೇ ಒಪ್ಪಿಯಾಗಿತ್ತು, ಮಾತಿನಲ್ಲಿ ಪಾರಾಗುವ ಹಾಗಿರಲಿಲ್ಲ. ಜ್ವರ ಇಳಿಯುವತನಕ ನಾನು ನಿಮ್ಮ ಮನೆ ಬಿಟ್ಟು ಏಳುವುದಿಲ್ಲ ಅಂದೆ. ನಿಮ್ಮ ಹಬ್ಬ, ಎಂದು ಕೇಳಿದಳು. ಸಂಜೆಯ ಬಸ್ಸಿಗೆ ಲಕ್ಷ್ಮೇಶ್ವರಕ್ಕೆ ಹೋಗಲು ನನ್ನ ಚೀಲ ತಯಾರಿತ್ತು. ಅಲ್ಲಿ ನಮ್ಮವ್ವ ದಾರಿ ಕಾಯುತ್ತಿದ್ದಳು. ನಮ್ಮವ್ವಗ ಖಬರು ಕಳಿಸುತ್ತೇನೆ ಅಂದೆ.

ಆಕೆ ಹಂಚಿನ ಮೇಲಿನ ರೊಟ್ಟಿ ತೆಗೆದಳು. ಕೈ ತೊಳೆದುಕೊಂಡು ಕೂಸನ್ನು ಮಗಳ ಕೈಯಿಂದ ಇಸಿದುಕೊಂಡು ತನ್ನ ತೊಡೆಯ ಮೇಲೆ ಹಾಕಿಕೊಂಡಳು.

"ಮಾಡ್ರಿ. ನಡುವ ಎದ್ದು ಹ್ವಾದ್ರ ನೋಡ್ರಿ ಮತ್ತ."

ಹೇಳಿದ ಹಾಗೆ ಜ್ವರ ಬಂತು. ಚೌತಿಯ ಬೆಳಿಗ್ಗೆ ಮಣ್ಣಿನ ನಾಗಪ್ಪನ ಮುಂದೆ ಮನೆಮಂದಿ ಹಾಲೆರೆಯುವಾಗ ಕೂಸಿನ ಮೈ ಬಿಸಿಯಾಗಿಯೇ ಇತ್ತು. ಅಜ್ಜಿ ಹಾಲೆರೆಯುತ್ತ ಒಂದು ಕಣ್ಣು ನನ್ನ ಮೇಲೆ ಇಟ್ಟಿದ್ದಳು. ನಾನು ಒದ್ದೆ ಅರಿವೆಯಿಂದ ಕೂಸಿನ ಮೈ ಒರೆಸುತ್ತಿದ್ದೆ. ಔಷಧಿಯ ಹೊತ್ತಾದಾಗ ಆಕೆ ಎದ್ದು ಬಂದು ಎದುರಿಗೆ ಕೂತಳು. ಜ್ವರದ ಮಾತ್ರೆಯನ್ನು ಕೂಸಿಗೆ ಮುರಿದೇ ಕೊಡಬೇಕು. ಆ ದಿನ ಮುರಿಯುವ ಹಾಗಿಲ್ಲ. ನಾನು ಹಿಂದಿನ ದಿನವೇ ಮಾತ್ರೆ ಮುರಿದು, ಅರೆದು, ಪುಡಿಯನ್ನು ಸಣ್ಣ ಪೊಟ್ಟಣ ಕಟ್ಟಿಟ್ಟಿದ್ದೆ. ಪೊಟ್ಟಣ ಬಿಚ್ಚಿ ಎದೆಹಾಲಿನಲ್ಲಿ ಕಲಸಿದೆ. ಆಕೆ ಅದನ್ನು ನೋಡಿದಳು. ಒಳಗೆ ಹೋಗಿ ನನಗೊಂದು ಶೇಂಗಾದ ಉಂಡಿ ತಂದುಕೊಟ್ಟಳು.

ಊಟದ ಹೊತ್ತಿಗೆ ಕೂಸು ಬೆವರಿ ಮಲಗಿತು. ಪಂಚಮಿಯ ದಿನ ಜೀಪು ಬಂತು, ಬ್ಯಾನರ್ ಕಟ್ಟಿದರು, ಶಾಲೆಯ ಹುಡುಗರು ಕೂಗಿದರು. ಲಸಿಕೆಗೆ ಯಾರೂ ಬರಲಿಲ್ಲ. ಸೀಸೆ ಖಾಲಿಯಾಯಿತೇ ಎಂದು ಡಾಕ್ಟರ ಸಾಹೇಬರು ನನ್ನನ್ನು ಮೆಲ್ಲಗೆ ಕೇಳಿದರು. ಒಂದು ಹನಿಯೂ ಚೆಲ್ಲಲಿಲ್ಲ ಅಂದೆ. ಅವರು ಖಾಲಾ ಕೊಟ್ಟ ತಣ್ಣನೆಯ ರೊಟ್ಟಿ ತಿಂದು ಹೋದರು. ಸಂಜೆ ಕೂಸು ತಾಯಿಯ ಮಡಿಲಲ್ಲಿ ಕೂತು ಜೋಕಾಲಿ ಆಡಿತು.

ಮರುದಿನ ಬೆಳಿಗ್ಗೆ ಹೊಳೆದಂಡೆಯ ಊರಿನಿಂದ ಮಗಳನ್ನು ಕರೆದುಕೊಂಡು ಹೋಗಲು ಅವಳ ಮೈದುನ ಬಂದ. ಗಂಟು ಮೂಟೆ ಎತ್ತಿಕೊಟ್ಟ ಮೇಲೆ ಕೂಸಿನ ಅಜ್ಜಿ ನನ್ನನ್ನು ಕೇಳಿದಳು, ಇನ್ನೊಂದು ಸೂಜಿ ಐತಿ ಅಂದಿದ್ರಲ್ಲ, ಅದು ಯಾವಾಗ ಎಂದು. ವರ್ಷ ಬಿಟ್ಟು ಅಂದೆ. ಆಕೆ ಮೈದುನನ ಕಡೆ ತಿರುಗಿದಳು.

"ಕೇಳಿಸ್ತಿಲ್ಲೋ ತಮ್ಮಾ? ಬರೂ ವರ್ಷ ಒಂದು ದಿನಾ ಮುಂಚೆ ಕರಕೊಂಡ ಬಾ. ರೊಟ್ಟಿ ಪಂಚಮಿ ದಿನ ಕೂಸಿಂದು ಸೂಜಿ ಐತಿ. ನಿಮ್ಮವ್ವ ಏನರ ಅಂದ್ಲಂದ್ರ, ನಾ ಹೇಳೀನಂತ ಹೇಳು."