ಮೊದಲನೆಯ ಪ್ರಶ್ನೆಯಲ್ಲಿ ಸಿಕ್ಕಿಕೊಂಡ ಗೌರವ್ವ

ಎರಡನೆಯ ಮಹಾಯುದ್ಧದ ಕಾಲ. ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನ ಮೇಲೆ ಏದುಸಿರು ಬಿಡುತ್ತ ಓಡುತ್ತಿದ್ದ ವರ್ಷಗಳು. ನಾನಾಗ ಹಳಿಯಾಳದ ಒಂದು ಹೈಸ್ಕೂಲಿನಲ್ಲಿ ಗಣಿತದ ಶಿಕ್ಷಕ. ಕಾಲೇಜು ಸೇರಬೇಕಾದರೆ ಮುಂಬಯಿ ಇಲಾಖೆಯ ಮೆಟ್ರಿಕ್ ಪರೀಕ್ಷೆ ಪಾಸಾಗಲೇಬೇಕು. ನಮ್ಮ ಮಕ್ಕಳಿಗೆ ಅದರ ಕೇಂದ್ರ ಧಾರವಾಡದಲ್ಲಿ. ಅದಕ್ಕೂ ಮುನ್ನ ಶಾಲೆಯಲ್ಲೇ ಪ್ರಿಲಿಮಿನರಿ ಎಂಬ ಪರೀಕ್ಷೆ. ಅದರಲ್ಲಿ ಗೆದ್ದವರ ಅರ್ಜಿಯನ್ನಷ್ಟೇ ಹೆಡ್ಮಾಸ್ತರರು ಮುಂದಕ್ಕೆ ಕಳಿಸುತ್ತಿದ್ದರು.

ಆ ವರ್ಷದ ತರಗತಿಯಲ್ಲಿ ಇದ್ದವಳು ಒಬ್ಬಳೇ ಹುಡುಗಿ, ಕಾಳಿನ ವ್ಯಾಪಾರಿ ಚನ್ನಪ್ಪನವರ ಮಗಳು ಗೌರವ್ವ. ಬೀಜಗಣಿತದಲ್ಲಿ ಅಂಥ ಚುರುಕು ತಲೆಯನ್ನು ನಾನು ಕಂಡದ್ದು ಕಡಿಮೆ. ಆದರೂ ಪ್ರಿಲಿಮಿನರಿಯ ಗಣಿತದಲ್ಲಿ ಅವಳು ಫೇಲು. ಉತ್ತರಪತ್ರಿಕೆ ಬಿಚ್ಚಿ ನೋಡಿದರೆ ಅದರಲ್ಲಿ ಇದ್ದದ್ದು ಒಂದೇ ಪ್ರಶ್ನೆ, ಮೊದಲನೆಯದು. ಬರೆದು, ಹೊಡೆದುಹಾಕಿ, ಮತ್ತೆ ಬರೆದು ಮೂರು ತಾಸೂ ಅಲ್ಲೇ ಕೂತಿದ್ದಳು. ಉಳಿದವೆಲ್ಲ ಅವಳಿಗೆ ನೀರು ಕುಡಿದಷ್ಟು ಸುಲಭದವು. ನನಗೆ ಸಿಟ್ಟು ನೆತ್ತಿಗೇರಿತು.

“ಬರದಿದ್ರ ಬಿಟ್ಟು ಮುಂದ ಹೋಗಬೇಕಿಲ್ಲೇನು?”

“ಅರ್ಧಕ್ಕ ಬಿಟ್ಟು ಏಳಾಕ ಆಗೂದಿಲ್ರಿ ಸರ,” ಎಂದಳು.

ಅವರದು ಶಿವಭಕ್ತರ ಮನೆ. ಅಲ್ಲಿ ತಾಟಿಗೆ ಬಡಿಸಿದ್ದೆಲ್ಲ ಪ್ರಸಾದ. ಒಂದಗುಳೂ ಬಿಡುವಂತಿಲ್ಲ, ತಾಟು ತೊಳೆದ ನೀರನ್ನೂ ಕುಡಿದೇ ಏಳಬೇಕು. ಹಾಲುಹಲ್ಲಿನ ಕಾಲದಿಂದ ಬಂದ ಆ ಶಿಸ್ತು ಅವಳ ಲೇಖನಿಗೂ ಇಳಿದಿತ್ತು. ಹಿಡಿದ ಲೆಕ್ಕ ಮುಗಿಯದೆ ಕೈ ಮುಂದಕ್ಕೆ ಸರಿಯುತ್ತಿರಲಿಲ್ಲ.

ಮೆಟ್ರಿಕ್ಕಿನಲ್ಲಿ ಫೇಲಾದರೆ ಏನೆಂಬುದು ಮನೆಯಲ್ಲಿ ತೀರ್ಮಾನವಾಗಿತ್ತು. ಪಾಸಾದರೆ ಧಾರವಾಡದ ಕಾಲೇಜು. ಇಲ್ಲದಿದ್ದರೆ ವೈಶಾಖದಲ್ಲಿ ಚಿಗಳ್ಳಿಯ ಸೋದರಮಾವನೊಂದಿಗೆ ಮದುವೆ. ಆತ ಹೊಲಮನೆ ಇದ್ದ ರೈತ, ಬಂದಾಗಲೆಲ್ಲ ಅವಳಿಗೊಂದು ಪೆನ್ಸಿಲ್ ತರುವವನು. ಅವಳ ಸಂಕಟವೂ ಅದೇ. “ಮಾಮಾ ಭಾಳ ಚಲೋ ಅದಾನ್ರಿ. ಒಲ್ಲೆ ಅನ್ನಾಕ ಕಾರಣನ ಸಿಗವಲ್ದು,” ಎಂದು ಒಮ್ಮೆ ನನ್ನೆದುರು ಅತ್ತುಬಿಟ್ಟಳು.

ಹೆಡ್ಮಾಸ್ತರರು ಅರ್ಜಿ ಕಳಿಸಲು ಸುತರಾಂ ಒಪ್ಪಲಿಲ್ಲ. ನಾನು ಹಟ ಹಿಡಿದು ಕೂತೆ. ಕೊನೆಗೆ ಅವರು, “ಕಳಸ್ತೇನಿ. ಆದರ ಈಕಿ ಬಿದ್ರ, ಇನ್ನ ಮುಂದ ಯಾವ ಹೆಣ್ಮಗಳ ಅರ್ಜೀನೂ ನನ್ನ ಮುಂದ ತರಬ್ಯಾಡ್ರಿ,” ಎಂದರು. ಅಲ್ಲಿಗೆ ಅವಳ ಜೊತೆ ನಾನೂ ಬೋನಿಗೆ ಬಿದ್ದೆ.

ಗಡಿಯಾರ ಮುಂದಿಟ್ಟು ಹಳೆಯ ಪತ್ರಿಕೆಗಳನ್ನು ಬರೆಸಿದೆ. ಗದರಿದೆ, ರಮಿಸಿದೆ, ಕೈ ಮುಗಿಯುವುದೊಂದು ಬಾಕಿ. ಪ್ರತಿ ಸಲವೂ ಅದೇ ಹಳ್ಳ. ಹಣೆಯ ಮೇಲೆ ಬೆವರು, ಕಣ್ಣು ಅದೇ ಸಾಲಿನ ಮೇಲೆ. ಮುಂದಿನ ಪ್ರಶ್ನೆ ಅವಳಿಗೆ ಕಾಣುತ್ತಿತ್ತು, ಕೈ ಹೋಗುತ್ತಿರಲಿಲ್ಲ. ಬಿಡು ಎನ್ನುವುದು ಸುಲಭ. ಬಿಡುವ ಕೈಯನ್ನು ಎಲ್ಲಿಂದ ತರುವುದು?

ಪರೀಕ್ಷೆ ಹತ್ತಿರವಿದ್ದಾಗ ಅವಳ ಅಣ್ಣನ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯ ಬಂತು. ನನಗೂ ಊಟದ ಕರೆ. ಪಡಸಾಲೆಯ ತುಂಬ ಪಂಕ್ತಿ, ಹೋಳಿಗೆ ಬಡಿಸುವವಳು ಗೌರವ್ವ. ಮೊದಲನೆಯ ಎಲೆ ನನ್ನದು. ಒಂದೇ ಒಂದು ಹಾಕಿ ಮುಂದೆ ಹೊರಟಳು. ನಾನೋ ಹೋಳಿಗೆಯ ಮೇಲೆ ಜೀವ ಇಟ್ಟವನು.

“ಇನ್ನೊಂದು ಹಾಕಿ ಹೋಗವಾ,” ಎಂದೆ.

“ತಡೀರಿ ಸರ, ಆ ತುದಿ ಮುಟ್ಟಿ ಬರ್ತೇನಿ. ನಿಮ್ಮ ಮುಂದ ನಿಂತ್ರ ಅವರೆಲ್ಲಾ ಬರೇ ಎಲಿ ನೋಡ್ಕೋತ ಕೂಡಬೇಕೇನ್ರಿ?”

ಎತ್ತಿದ ತುತ್ತು ಕೈಯಲ್ಲೇ ಉಳಿಯಿತು. ಊಟವಾಗಿ ಕೈ ತೊಳೆಯುವಾಗ ಅವಳನ್ನು ಕರೆದು ಹೇಳಿದೆ: “ಪರೀಕ್ಷಾದಾಗ ನೀ ಉಣ್ಣಾಕ ಕೂಡಬ್ಯಾಡ ಗೌರವ್ವ, ಬಡಸಾಕ ನಿಲ್ಲು. ಹಾಳಿ ಮ್ಯಾಲಿನ ಒಂದೊಂದು ಪ್ರಶ್ನೀನೂ ಒಂದೊಂದು ಎಲಿ.”

ಮರುದಿನ ಮತ್ತೊಂದು ಪತ್ರಿಕೆ ಕೊಟ್ಟೆ. ಮೊದಲನೆಯದರಲ್ಲಿ ತಡೆದಳು, ತುಟಿ ಕಚ್ಚಿ ಎರಡನೆಯದಕ್ಕೆ ದಾಟಿದಳು. ನನಗೆ ಹಿಗ್ಗು. ಅಷ್ಟರಲ್ಲೇ ತಿರುಗಿ ಮೊದಲನೆಯದಕ್ಕೇ ಓಡಿಬಂದಳು. ಹೀಗೆ ಒಮ್ಮೆ ದಾಟುತ್ತ, ಒಮ್ಮೆ ಬೀಳುತ್ತಲೇ ಪರೀಕ್ಷೆಯ ವಾರ ಬಂದುಬಿಟ್ಟಿತು.

ಅಳ್ನಾವರದವರೆಗೆ ಬಸ್ಸು, ಅಲ್ಲಿಂದ ರೈಲು ಹಿಡಿದು ಧಾರವಾಡ ಸೇರಿದೆವು. ಗಣಿತದ ದಿನ ಗಂಟೆ ಬಾರಿಸಿ ಬಾಗಿಲು ಮುಚ್ಚಿದರು. ಒಳಗೆ ಅವಳು, ಗೇಟಿನ ಹೊರಗೆ ಚನ್ನಪ್ಪನವರು ಮತ್ತು ನಾನು. ಚನ್ನಪ್ಪನವರು ಎಲೆಯಡಿಕೆಯ ಚಂಚಿ ಬಿಚ್ಚಿದರು, ಕಟ್ಟಿದರು, ಮತ್ತೆ ಬಿಚ್ಚಿದರು. ಬಾಯಿಗೆ ಮಾತ್ರ ಏನೂ ಹಾಕಿಕೊಳ್ಳಲಿಲ್ಲ. ಮಗಳು ಪಾಸಾಗಲೆಂಬ ಆಸೆ ಈ ಮನುಷ್ಯನಿಗೂ ಇದೆಯೆಂದು ನನಗೆ ತಿಳಿದದ್ದೇ ಆಗ.

ಹೊರಗೆ ಬಂದವಳನ್ನು ಅವರೇ ಮೊದಲು ಕೇಳಿದರು. “ಮೊದಲ್ನೇದು ಮುಗೀತೇನವಾ?”

“ಇಲ್ಲಪ್ಪಾ. ಬಿಟ್ಟೆ.”

ಅವರ ಮುಖ ಇಳಿದುಹೋಯಿತು. ಅವಳು ನನ್ನ ಕಡೆ ತಿರುಗಿದಳು, ಕಣ್ಣ ತುಂಬ ನೀರು. “ಮೊದಲ್ನೇ ಎಲಿ ಹಂಗ ಉಳೀತ್ರಿ ಸರ. ಉಳದವರೆಲ್ಲಾ ಹೊಟ್ಟಿ ತುಂಬ ಉಂಡ್ರು.”

ಗೌರವ್ವ ಪಾಸಾದಳು. ಆಮೇಲೆ ಎಷ್ಟೋ ಮಕ್ಕಳನ್ನು ಪರೀಕ್ಷೆಗೆ ಕೂಡಿಸಿದ್ದೇನೆ. ವಿಷಯ ತಿಳಿದಿದ್ದರಷ್ಟೇ ಸಾಲದು, ಸಿಕ್ಕಿಕೊಂಡ ಜಾಗದಿಂದ ಎದ್ದು ಬರುವುದನ್ನೂ ಕಲಿಸಬೇಕು, ಆ ವಿದ್ಯೆ ಎಷ್ಟೋ ಸಲ ಮಗುವಿನ ಮನೆಯಲ್ಲೇ ಬಿದ್ದಿರುತ್ತದೆ ಎಂಬುದನ್ನು ನನ್ನ ವೃತ್ತಿ ನನಗೆ ಹೇಳಿಕೊಟ್ಟಿತು.

ಅವಳು ಕಾಲೇಜಿಗೆ ಹೊರಟ ದಿನ ಟ್ರಂಕನ್ನು ಹೊತ್ತು ಬಸ್ಸಿಗೇರಿಸಿದವನು ಚಿಗಳ್ಳಿಯ ಸೋದರಮಾವ. ಗೌರವ್ವ ಅವನ ಮುಖ ನೋಡಲಾರದೆ ನಿಂತಿದ್ದಳು. ಅವನು ಅಂಗಿಯ ಕಿಸೆಯಿಂದ ಹೊಸದೊಂದು ಪೆನ್ಸಿಲ್ ತೆಗೆದು ಅವಳ ಕೈಗಿಟ್ಟ.

“ಇದನ್ನ ಮಾತ್ರ ಅರ್ಧಕ್ಕ ಬಿಡಬ್ಯಾಡ, ಗೌರಿ,” ಎಂದ.